ಬೆಳಕು ಚುಚ್ಚುವ ಕಣ್ಣಿಗೆ ಎಂಥ ಕೂಲಿಂಗ್ ಗ್ಲಾಸ್? ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಕೆಲಸ ನನ್ನದು. ಮೊದಲು ಉಡುಪಿಯಲ್ಲಿದ್ದೆ, ಈಗ ಮಂಗಳೂರಿನಲ್ಲಿ. ಒಟ್ಟು ಹದಿನೆಂಟು ವರ್ಷ ಆಯಿತು. ಡಾಕ್ಟರರ ಚೀಟಿಯಲ್ಲಿ ಹೆಚ್ಚಾಗಿ "ಡಾರ್ಕ್ ಗ್ಲಾಸ್ ಬಳಸಿ" ಎಂಬ ಒಂದು ಸಾಲು ಇರುತ್ತದೆ, ಅಷ್ಟೆ. ಎಷ್ಟು ಡಾರ್ಕ್, ಯಾವ ಬಣ್ಣ, ಯಾವ ಆಕಾರ, ಮನೆಯೊಳಗೂ ಹಾಕಬೇಕೋ ಬೇಡವೋ ಎಂಬುದನ್ನೆಲ್ಲ ಜನ ಕೌಂಟರಿಗೆ ಬಂದು ಕೇಳುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಮುಖಕ್ಕೆ ಯಾವ ಫ್ರೇಮ್ ಚಂದ ಎಂಬುದು ಇಲ್ಲಿಲ್ಲ. ಅದನ್ನು ನಿಮ್ಮ ಜೊತೆ ಬಂದವರೇ ಹೇಳುತ್ತಾರೆ.

ಬಿಸಿಲಿಗೆ ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ನನ್ನದು ಕಾಯಿಲೆ ಎಂದು ಹೇಗೆ ತಿಳಿಯುವುದು?

ಮಧ್ಯಾಹ್ನ ಹನ್ನೆರಡಕ್ಕೆ ಮಲ್ಪೆಯ ಮರಳಿನ ಮೇಲೆ ನಿಂತರೆ ಯಾರ ಕಣ್ಣಾದರೂ ಕಿರಿದಾಗುತ್ತದೆ. ಅದಕ್ಕೆ ಹೆದರಬೇಕಾಗಿಲ್ಲ. ಬೇರೆಯವರಿಗೆ ಏನೂ ಅನ್ನಿಸದ ಬೆಳಕು ನಿಮಗೆ ಚುಚ್ಚುತ್ತಿದ್ದರೆ ಯೋಚಿಸಬೇಕು. ಟ್ಯೂಬ್‌ಲೈಟ್ ಹಾಕಿದ ಕೂಡಲೇ ಮುಖ ತಿರುಗಿಸುವುದು, ಮೋಡದ ದಿನವೂ ನೀರು ಸುರಿಯುವುದು, ಒಂದೇ ಕಣ್ಣನ್ನು ಮುಚ್ಚಿಕೊಳ್ಳುವುದು, ಮದುವೆ ಹಾಲ್‌ನ ಎಲ್‌ಇಡಿ ಬೆಳಕಿನಲ್ಲಿ ತಲೆ ಸಿಡಿಯುವುದು ಇಂಥ ಲಕ್ಷಣಗಳು. ವೈದ್ಯರು ಇದನ್ನು ಫೋಟೊಫೋಬಿಯಾ ಎನ್ನುತ್ತಾರೆ. ಹೆಸರಿನಲ್ಲಿ 'ಫೋಬಿಯಾ' ಇದ್ದರೂ ಇದು ಹೆದರಿಕೆಯಲ್ಲ, ನೋವು.

ಇದು ಲಕ್ಷಣ ಮಾತ್ರ, ಮೂಲ ಬೇರೆ ಇರುತ್ತದೆ. ಒಣಗಣ್ಣು, ಪೊರೆ, ಕಣ್ಣಿನೊಳಗಿನ ಉರಿಯೂತ (ಯುವಿಐಟಿಸ್), ಕರಿಗುಡ್ಡೆಯ (ಕಾರ್ನಿಯಾ) ಗೀರು ಅಥವಾ ಹುಣ್ಣು, ಮೈಗ್ರೇನ್, ತಲೆಗೆ ಪೆಟ್ಟು, ಆಲ್ಬಿನಿಸಂ (ಮೈ, ಕೂದಲು, ಕಣ್ಣಿನಲ್ಲಿ ಬಣ್ಣದ ಅಂಶ ಹುಟ್ಟಿನಿಂದಲೇ ಕಡಿಮೆ ಇರುವುದು), ಹುಟ್ಟಿನಿಂದಲೇ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಉಂಗುರ) ಇಲ್ಲದಿರುವುದು, ರೆಟಿನಾದ (ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರ) ಆನುವಂಶಿಕ ತೊಂದರೆಗಳು, ಹೀಗೆ ಪಟ್ಟಿ ಉದ್ದ ಇದೆ. ಒಣಗಣ್ಣಿನವರಿಗೆ ಹನಿ ಮದ್ದು ಸರಿಯಾಗಿ ಬಿಟ್ಟರೆ ಎಷ್ಟೋ ಸಲ ಕಪ್ಪು ಗಾಜಿನ ಅಗತ್ಯವೇ ಬೀಳುವುದಿಲ್ಲ. ಹಾಗಾಗಿ ಯಾರೇ ಬಂದರೂ "ಇದು ಯಾವಾಗ ಶುರುವಾಯಿತು?" ಎಂದು ಮೊದಲು ಕೇಳುತ್ತೇನೆ. "ಚಿಕ್ಕಂದಿನಿಂದ" ಎಂದರೆ ಒಂದು ದಾರಿ, "ಮೊನ್ನೆಯಿಂದ" ಎಂದರೆ ಇನ್ನೊಂದು.

ಯಾವಾಗ ಅಂಗಡಿಗೆ ಬಾರದೆ ನೇರ ಆಸ್ಪತ್ರೆಗೆ ಹೋಗಬೇಕು?

"ಮೊನ್ನೆಯಿಂದ" ಎಂದವರು ಆ ದಿನವೇ ಹೋಗಬೇಕು. ಕಣ್ಣು ಕೆಂಪಾಗಿ, ನೋವು ಇದ್ದು, ದೃಷ್ಟಿ ಮಂಜಾಗಿ, ಬೆಳಕು ತಡೆಯಲಾಗದಿದ್ದರೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಾಲ್ಕು ದಿನ ಕಾಯುವುದು ದೊಡ್ಡ ತಪ್ಪು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಹೀಗಾದರೆ ಲೆನ್ಸ್ ತೆಗೆದಿಟ್ಟು ಹೊರಡಬೇಕು. ಜ್ವರ, ಕುತ್ತಿಗೆ ಸೆಡೆತ, ವಿಪರೀತ ತಲೆನೋವಿನ ಜೊತೆ ಬೆಳಕು ಬೇಡವಾದರೆ ಅದು ಕಣ್ಣಿನ ವಿಷಯವೇ ಅಲ್ಲದಿರಬಹುದು. ಮಿದುಳಿನ ಪೊರೆಯ ಸೋಂಕು ಹೀಗೂ ತೋರಿಸಿಕೊಳ್ಳುತ್ತದೆ, ನೇರ ಎಮರ್ಜೆನ್ಸಿಗೆ ಹೋಗಿ. ಹಸುಗೂಸು ಬೆಳಕಿಗೆ ಕಣ್ಣೇ ಬಿಡುತ್ತಿಲ್ಲ, ನೀರು ಸುರಿಯುತ್ತದೆ, ಕಣ್ಣು ವಯಸ್ಸಿಗೆ ಮೀರಿ ದೊಡ್ಡದಾಗಿ ಕಾಣುತ್ತದೆ ಎಂದಾದರೆ ಹುಟ್ಟು ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇರಬಹುದು. "ಎಷ್ಟು ಚಂದದ ದೊಡ್ಡ ಕಣ್ಣು" ಎಂದು ಮನೆಮಂದಿ ಸಂತೋಷಪಡುತ್ತಾ ಇರುತ್ತಾರೆ.

ನಮ್ಮ ಊರಿಗೆ ಸೇರಿದ ಎರಡು ಮಾತು. ಗದ್ದೆ ಕೊಯ್ಲಿನಲ್ಲಿ ಭತ್ತದ ಎಲೆಯೋ ಹೊಟ್ಟೋ ಕಣ್ಣಿಗೆ ತಾಗಿ, ಎರಡು ದಿನದ ನಂತರ ಬೆಳಕು ಚುಚ್ಚತೊಡಗಿದರೆ ಕರಿಗುಡ್ಡೆಗೆ ಶಿಲೀಂಧ್ರದ ಸೋಂಕು ತಗಲಿರಬಹುದು. ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಇರುವ ಹನಿ ತಂದು ಬಿಟ್ಟುಕೊಂಡರೆ ಬೆಂಕಿಗೆ ಎಣ್ಣೆ ಸುರಿದ ಹಾಗೆ. ಎರಡನೆಯದು ಇಲಿಜ್ವರ. ಮಳೆಗಾಲದಲ್ಲಿ ಇಲಿಜ್ವರ ಬಂದು ಗುಣವಾದವರಿಗೆ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕಣ್ಣಿನೊಳಗೆ ಉರಿಯೂತ ಬರಬಹುದು. ಜ್ವರದ ನೆನಪೇ ಹೋಗಿರುತ್ತದೆ, ಕಣ್ಣು ಮಾತ್ರ ಬಿಸಿಲು ಬೇಡ ಅನ್ನುತ್ತದೆ. ಡಾಕ್ಟರಿಗೆ ಆ ಹಳೆಯ ಜ್ವರದ ಸಂಗತಿ ಹೇಳಲು ಮರೆಯಬೇಡಿ.

ಗಾಜು ಕಪ್ಪಾದಷ್ಟೂ ಒಳ್ಳೆಯದಲ್ಲವೇ?

ಅಲ್ಲ. ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಉಡುಪಿಯಲ್ಲಿದ್ದಾಗ ಎಪ್ಪತ್ತರ ಆಸುಪಾಸಿನ ಅಮ್ಮ ಒಬ್ಬರು ಬಂದಿದ್ದರು. ಪೊರೆ ಬಂದಿತ್ತು, ಆಪರೇಷನ್‌ಗೆ ಇನ್ನೂ ಮನಸ್ಸು ಮಾಡಿರಲಿಲ್ಲ. "ಇದ್ದದ್ದರಲ್ಲೇ ಕಪ್ಪು ಕೊಡು ಮಗಾ" ಎಂದರು, ಕೊಟ್ಟೆ. ವಾರ ಕಳೆದು ಮೊಣಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದರು. ಬಿಸಿಲಿನಿಂದ ಮನೆಯ ಜಗಲಿಗೆ ಹತ್ತುವಾಗ ಮೆಟ್ಟಿಲೇ ಕಾಣಲಿಲ್ಲವಂತೆ. ಅವರಿಗೆ ಕಂದು ಬಣ್ಣದ, ಅಷ್ಟೇನೂ ಗಾಢವಲ್ಲದ, ಬದಿ ಮುಚ್ಚುವ ಕನ್ನಡಕ ಮಾಡಿಸಿ, ಅಂಚಿರುವ ಟೊಪ್ಪಿ ಹಾಕಿಕೊಳ್ಳಲು ಹೇಳಿದೆ. ಟೊಪ್ಪಿಗೆ ನಕ್ಕರು. ಸೆರಗನ್ನೇ ಹಣೆಯ ಮೇಲೆ ಮುಂದಕ್ಕೆ ಎಳೆದುಕೊಂಡರು, ಅದೂ ಸಾಕಾಯಿತು.

ಗಾಢತೆಯನ್ನು ಅಂತರರಾಷ್ಟ್ರೀಯ ಮಾನದಂಡದಲ್ಲಿ 0ರಿಂದ 4ರವರೆಗೆ ವಿಂಗಡಿಸಿದ್ದಾರೆ. 0 ಎಂದರೆ ಶೇ. 80ಕ್ಕಿಂತ ಹೆಚ್ಚು ಬೆಳಕು ಒಳಗೆ ಬರುತ್ತದೆ. 1ರಲ್ಲಿ ಶೇ. 43ರಿಂದ 80, 2ರಲ್ಲಿ ಶೇ. 18ರಿಂದ 43, 3ರಲ್ಲಿ ಶೇ. 8ರಿಂದ 18, 4ರಲ್ಲಿ ಶೇ. 3ರಿಂದ 8. ಒಳ್ಳೆಯ ಕನ್ನಡಕದ ಕಡ್ಡಿಯ ಒಳಬದಿಯಲ್ಲಿ ಈ ಸಂಖ್ಯೆ ಹೆಚ್ಚಾಗಿ ಇರುತ್ತದೆ. ನಮ್ಮ ಕರಾವಳಿಯ ಬಿಸಿಲಿಗೆ ಹೆಚ್ಚಿನವರಿಗೆ 3 ಸಾಕು. 4 ಹಿಮದ ಬೆಟ್ಟಕ್ಕೆ, ನಡುಗಡಲಿಗೆ ಮಾಡಿದ್ದು. ಅದನ್ನು ಹಾಕಿ ಗಾಡಿ ಓಡಿಸಲೇಬಾರದು.

ಅಂಗಡಿಯಲ್ಲಿ ಒಂದು ಗೊಂದಲ ಉಂಟು, ಎಚ್ಚರ. ನಾವು "80 ಪರ್ಸೆಂಟ್ ಟಿಂಟ್" ಎಂದರೆ ಶೇ. 80 ಬೆಳಕನ್ನು ತಡೆಯುತ್ತದೆ, ಶೇ. 20 ಬಿಡುತ್ತದೆ ಎಂದರ್ಥ. ಮಾನದಂಡದ ಲೆಕ್ಕ ಇದಕ್ಕೆ ತಿರುವುಮುರುವು. ಹಾಗಾಗಿ "ಎಷ್ಟು ಬೆಳಕು ಒಳಗೆ ಬರುತ್ತದೆ?" ಎಂದೇ ಕೇಳಿ.

ಗಾಜು ಕಪ್ಪಿದ್ದರೆ ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆಯುತ್ತದೆ ತಾನೇ?

ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ನೀರಿನಷ್ಟು ತಿಳಿಯಾದ ಗಾಜು ಪೂರ್ತಿ ಯುವಿ ತಡೆಯಬಹುದು, ಕಾಡಿಗೆಯಂಥ ಗಾಜು ಬಿಟ್ಟುಬಿಡಬಹುದು. ಎರಡನೆಯದು ಕನ್ನಡಕವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಕತ್ತಲಾಯಿತೆಂದು ಪಾಪೆ ಹಿಗ್ಗುತ್ತದೆ, ಹಿಗ್ಗಿದ ಬಾಗಿಲಿನಿಂದ ಯುವಿ ಒಳಗೆ ಹೋಗುತ್ತದೆ. "ಯುವಿ 400" ಎಂದಿದ್ದರೆ 400 ನ್ಯಾನೋಮೀಟರ್‌ವರೆಗಿನ (ಬೆಳಕಿನ ಅಲೆಯ ಉದ್ದದ ಅಳತೆ) ನೇರಳಾತೀತ ಕಿರಣವನ್ನು ತಡೆಯುತ್ತದೆ ಎಂದು ಅರ್ಥ. ಅದನ್ನೇ ಕೇಳಿ ತೆಗೆದುಕೊಳ್ಳಿ. ಪಾಲಿಕಾರ್ಬೊನೇಟ್ ಲೆನ್ಸ್‌ಗೆ ಸ್ವಭಾವತಃ ಯುವಿಯ ಬಹುಪಾಲನ್ನು ಹೀರುವ ಗುಣವಿದೆ. ಸಾಮಾನ್ಯ ಪ್ಲಾಸ್ಟಿಕ್ ಆದ ಸಿಆರ್-39ಕ್ಕೆ ಪೂರ್ತಿ ರಕ್ಷಣೆ ಬೇಕಾದರೆ ಯುವಿ ಟ್ರೀಟ್‌ಮೆಂಟ್ ಸೇರಿಸಬೇಕು.

ರಸ್ತೆ ಬದಿಯ ಸ್ಟಿಕ್ಕರನ್ನು ನಂಬಬೇಡಿ, ಸ್ಟಿಕ್ಕರನ್ನೂ ಅಲ್ಲೇ ಅಂಟಿಸಿರುತ್ತಾರೆ. ಹಲವು ಕನ್ನಡಕದಂಗಡಿಗಳಲ್ಲಿ ಯುವಿ ಮೀಟರ್ ಇರುತ್ತದೆ, ಅಂಗೈ ಅಗಲದ ಪೆಟ್ಟಿಗೆ. ಬೇರೆ ಕಡೆ ಕೊಂಡ ಕನ್ನಡಕವನ್ನೂ ಅರ್ಧ ನಿಮಿಷದಲ್ಲಿ ನೋಡಬಹುದು, ಕೇಳಲು ನಾಚಿಕೆ ಬೇಡ. ಮೀಟರ್ ಇಲ್ಲದ ಕಡೆ ನಾನು ಒಂದು ಹಳೆಯ ಉಪಾಯ ಮಾಡುತ್ತೇನೆ. ಕಳ್ಳನೋಟು ಪರೀಕ್ಷಿಸುವ ನೇರಳೆ ದೀಪವನ್ನು ನೋಟಿನ ಮೇಲೆ ಹಿಡಿದರೆ ಸಂಖ್ಯೆಯ ಸಾಲು ಹೊಳೆಯುತ್ತದೆ. ದೀಪಕ್ಕೂ ನೋಟಿಗೂ ನಡುವೆ ಲೆನ್ಸ್ ತನ್ನಿ. ಹೊಳಪು ಆರಿದರೆ ಲೆನ್ಸ್ ಏನೋ ತಡೆಯುತ್ತಿದೆ. ಮೊದಲಿನಂತೆಯೇ ಹೊಳೆದರೆ ಆ ಕನ್ನಡಕವನ್ನು ಮಕ್ಕಳ ನಾಟಕಕ್ಕೆ ಕೊಟ್ಟುಬಿಡಿ. ಇದು ಒರಟು ಪರೀಕ್ಷೆ, 400ರವರೆಗೂ ತಡೆಯುತ್ತದೆಂದು ಇದರಿಂದ ಸಾಬೀತಾಗುವುದಿಲ್ಲ.

ಯಾವ ಕಾಯಿಲೆಗೆ ಯಾವ ಬಣ್ಣ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಕಾಯಿಲೆಯಿಂದ ಶುರು ಮಾಡಬಹುದು, ಕೊನೆಗೆ ನಿರ್ಧರಿಸುವುದು ನಿಮ್ಮ ಕಣ್ಣು.

ಬೂದು ಬಣ್ಣ ಎಲ್ಲ ಬೆಳಕನ್ನೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಬಣ್ಣಗಳು ಬಣ್ಣಗಳಾಗಿಯೇ ಉಳಿಯುತ್ತವೆ. ಯುವಿಐಟಿಸ್ ಇರುವವರಿಗೆ, ಗಾಡಿ ಓಡಿಸುವವರಿಗೆ ಇದು ಸುರಕ್ಷಿತ ಆಯ್ಕೆ. ಕಂದು ಮತ್ತು ಅಂಬರ್ ನೀಲಿ ಬೆಳಕನ್ನು ಹೆಚ್ಚು ತಡೆಯುತ್ತವೆ. ನೀಲಿ ಬೆಳಕು ಕಣ್ಣಿನೊಳಗೆ ಹೆಚ್ಚು ಚದುರುತ್ತದೆ. ಅದು ಕಡಿಮೆಯಾದರೆ ಮೆಟ್ಟಿಲಿನ ಅಂಚು, ರಸ್ತೆಯ ಹೊಂಡ ಎದ್ದು ಕಾಣುತ್ತವೆ. ಪೊರೆ ಇರುವವರು, ವಯಸ್ಸಾದ ರೆಟಿನಾದವರು, ಆಲ್ಬಿನಿಸಂ ಇರುವವರು ಹೆಚ್ಚಾಗಿ ಕಂದನ್ನೇ ಇಷ್ಟಪಡುತ್ತಾರೆ. ಪೊರೆಯಲ್ಲೂ ಒಂದು ವಿಶೇಷ ಇದೆ. ಕಣ್ಣಿನೊಳಗಿನ ಲೆನ್ಸ್‌ನ ಹಿಂಬದಿಯ ನಡುಮಧ್ಯದಲ್ಲಿ ಬರುವ ಪೊರೆಗೆ ಬಿಸಿಲಿನಲ್ಲಿ ಪಾಪೆ ಕಿರಿದಾದಾಗ ಆ ಕಲೆಯೇ ದಾರಿಗೆ ಅಡ್ಡ ನಿಲ್ಲುತ್ತದೆ. ಸ್ವಲ್ಪ ಟಿಂಟ್ ಹಾಕಿದರೆ ಪಾಪೆ ಹಿಗ್ಗಿ, ಕಲೆಯ ಸುತ್ತಲಿನಿಂದ ಬೆಳಕು ಬಂದು ಇನ್ನೂ ಚೆನ್ನಾಗಿ ಕಾಣುತ್ತದೆ. "ಸಂಜೆ ಹೊತ್ತು ನನಗೆ ಒಳ್ಳೆ ಕಾಣ್ತದೆ" ಎನ್ನುವ ಅಜ್ಜಂದಿರ ಮಾತಿನ ಗುಟ್ಟು ಇದೇ.

ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಇರುಳುಗುರುಡಿನಿಂದ ಶುರುವಾಗಿ ಬದಿ ದೃಷ್ಟಿ ಕಿರಿದಾಗುವ ಕಾಯಿಲೆಯವರಿಗೆ ಕಿತ್ತಳೆ ಅಥವಾ ಕೆಂಪುಗಂದು ಫಿಲ್ಟರ್‌ಗಳಿವೆ. ಇವುಗಳ ಹೆಸರಿನಲ್ಲಿ 511, 527, 550 ಎಂಬಂಥ ಸಂಖ್ಯೆಗಳು ಬರುತ್ತವೆ. ಆ ನ್ಯಾನೋಮೀಟರ್‌ಗಿಂತ ಕೆಳಗಿನ ಬೆಳಕನ್ನು ತಡೆಯುತ್ತದೆ ಎಂದು ಅದರ ಸೂಚನೆ. ಹುಟ್ಟಿನಿಂದಲೇ ಬಣ್ಣ ಕಾಣದ ಆಕ್ರೊಮಾಟಾಪ್ಸಿಯಾದವರ ಕಥೆ ಇನ್ನೂ ಬೇರೆ. ಹಗಲಿನ ಬೆಳಕಿನಲ್ಲಿ ನೋಡಲು, ಬಣ್ಣ ಗುರುತಿಸಲು ರೆಟಿನಾದಲ್ಲಿರುವ ಕೋನ್ ಕೋಶಗಳು ಅವರಲ್ಲಿ ಕೆಲಸ ಮಾಡುವುದಿಲ್ಲ. ಮಂದ ಬೆಳಕಿಗೆ ಮಾತ್ರ ಹೊಂದಿಕೊಂಡ ರಾಡ್ ಕೋಶಗಳ ಮೇಲೆಯೇ ಹಗಲೂ ನಡೆಯಬೇಕು, ಅವು ಬಿಸಿಲಿಗೆ ಸೋತುಬಿಡುತ್ತವೆ. ರಾಡ್‌ಗಳು ಸುಮಾರು 500 ನ್ಯಾನೋಮೀಟರ್‌ನ ನೀಲಿ-ಹಸಿರು ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ, ಕೆಂಪಿಗೆ ಬಹಳ ಕಡಿಮೆ. ಹಾಗಾಗಿ ಗಾಢ ಕೆಂಪು ಲೆನ್ಸ್ ಹಾಕಿದರೆ ರಾಡ್‌ಗಳಿಗೆ ಹಗಲೇ ಮುಸ್ಸಂಜೆಯಾಗುತ್ತದೆ. ಇಂಥ ಕನ್ನಡಕವನ್ನು ಮೊದಲ ಬಾರಿ ಹಾಕಿದ ಹುಡುಗನೊಬ್ಬ ಅಂಗಡಿಯ ಬಾಗಿಲಾಚೆ ನಿಂತು ಎದುರಿನ ಬಸ್ಸಿನ ಬೋರ್ಡ್ ಓದಿದ. ಜೊತೆಯಲ್ಲಿದ್ದ ಅಪ್ಪನಿಗೆ ಮಾತೇ ಹೊರಡಲಿಲ್ಲ.

ಮೈಗ್ರೇನ್‌ನವರಿಗೆ ಗುಲಾಬಿ ಬಣ್ಣದ ಎಫ್‌ಎಲ್-41 ಎಂಬ ಟಿಂಟ್ ಇದೆ. ಮೊದಲಿಗೆ ಟ್ಯೂಬ್‌ಲೈಟಿನ ತೊಂದರೆಗೆಂದು ಬಳಕೆಗೆ ಬಂದದ್ದು. ಸುಮಾರು 480 ನ್ಯಾನೋಮೀಟರ್‌ನ ನೀಲಿ-ಹಸಿರು ಬೆಳಕನ್ನು ಇದು ಹೆಚ್ಚು ತಡೆಯುತ್ತದೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1991ರಲ್ಲಿ ಮೈಗ್ರೇನ್ ಇರುವ ಮಕ್ಕಳ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ಇದನ್ನು ಹಾಕಿದವರಿಗೆ ತಲೆನೋವು ಕಡಿಮೆಯಾಗಿತ್ತು. ಕಣ್ಣು ತಾನಾಗಿ ಹಿಂಡಿ ಮುಚ್ಚಿಕೊಳ್ಳುವ ಬ್ಲೆಫರೋಸ್ಪಾಸಂ ತೊಂದರೆಯವರಿಗೂ ಉಪಯೋಗವಾಗುತ್ತದೆ. ಎಲ್ಲಾ ಕಡೆ ಸಿಗುವುದಿಲ್ಲ, ತರಿಸಿಕೊಳ್ಳಬೇಕು. "ಗುಲಾಬಿ ಇದ್ದರೆ ಸಾಕು" ಎಂದು ಯಾವುದೋ ಗುಲಾಬಿ ಗಾಜು ಕೊಟ್ಟರೆ ಒಪ್ಪಬೇಡಿ.

ಆಯ್ಕೆ ಮಾಡುವಾಗ ಎಸಿ ಅಂಗಡಿಯೊಳಗೆ ಕನ್ನಡಿ ನೋಡಿ ತೀರ್ಮಾನಿಸಬೇಡಿ. ಪರೀಕ್ಷೆಯ ಲೆನ್ಸ್ ಹಿಡಿದು ಬಿಸಿಲಿಗೆ ಹೋಗಿ. ಬಿಳಿ ಕಾರು, ಇಂಟರ್‌ಲಾಕ್ ಹಾಸು, ನೆರಳಲ್ಲಿ ನಿಂತವರ ಮುಖ, ಈ ಮೂರನ್ನೂ ನೋಡಿ. ಕನಿಷ್ಠ ಐದು ನಿಮಿಷ. ಅವಸರ ಮಾಡಿಸುವ ಅಂಗಡಿಯಾದರೆ ಬೇರೆ ಅಂಗಡಿ ನೋಡಿ.

ಒಳ್ಳೆಯ ಲೆನ್ಸ್ ಹಾಕಿದರೂ ಕಣ್ಣು ಚುಚ್ಚುತ್ತದೆ. ಏಕೆ?

ನೂರರಲ್ಲಿ ಎಂಬತ್ತು ಸಲ ಉತ್ತರ ಲೆನ್ಸ್‌ನಲ್ಲಿ ಇಲ್ಲ, ಫ್ರೇಮಿನಲ್ಲಿದೆ ಎಂದು ನನ್ನ ಅಂದಾಜು. ಬೆಳಕು ಎದುರಿನಿಂದ ಮಾತ್ರ ಬರುವುದಿಲ್ಲ, ಬದಿಯಿಂದ, ಮೇಲಿನಿಂದ, ಕೆನ್ನೆಯ ಕಡೆಯಿಂದ, ಬೆನ್ನ ಹಿಂದಿನಿಂದಲೂ ನುಗ್ಗುತ್ತದೆ. ಎದುರಿನದನ್ನು ತಗ್ಗಿಸಿದ ಮೇಲೆ ಪಾಪೆ ಹಿಗ್ಗಿರುತ್ತದೆ, ಆಗ ಬದಿಯ ಬೆಳಕು ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ.

ಮಂಗಳೂರಿನಲ್ಲಿ ಮನೆ, ಉಡುಪಿ-ಮಣಿಪಾಲದಲ್ಲಿ ಕೆಲಸ ಇರುವವರು ಇದನ್ನು ಗಮನಿಸಿ. ರಾಷ್ಟ್ರೀಯ ಹೆದ್ದಾರಿ 66 ಹೆಚ್ಚು ಕಡಿಮೆ ದಕ್ಷಿಣೋತ್ತರ. ಬೆಳಿಗ್ಗೆ ಸುರತ್ಕಲ್, ಮೂಲ್ಕಿ, ಪಡುಬಿದ್ರಿ ಎಂದು ಉತ್ತರಕ್ಕೆ ಹೋಗುವಾಗ ಮೂಡಣದ ಸೂರ್ಯ ಬಲಕ್ಕೆ. ಸಂಜೆ ಹಿಂತಿರುಗುವಾಗ ಪಡುವಣದ ಸೂರ್ಯ ಮತ್ತೆ ಬಲಕ್ಕೆ. ನಮ್ಮಲ್ಲಿ ಡ್ರೈವರ್ ಕೂರುವುದೂ ಬಲಕ್ಕೆ. ಎರಡು ಹೊತ್ತೂ ಬಿಸಿಲು ಒಂದೇ ಕಣ್ಣಿನ ಬದಿಗೆ! ಉಡುಪಿಯಲ್ಲಿ ಮನೆ ಮಾಡಿ ಮಂಗಳೂರಿಗೆ ಬರುವವರು ಪುಣ್ಯವಂತರು, ಅವರ ಸೂರ್ಯ ಎರಡು ಸಲವೂ ಎಡಕ್ಕೆ. "ಬಲಗಣ್ಣು ಮಾತ್ರ ಉರಿಯುತ್ತದೆ" ಎಂದು ಬಂದ ಒಬ್ಬರ ಸಮಸ್ಯೆ ಇದೇ ಆಗಿತ್ತು. ಲೆನ್ಸ್ ಬದಲಿಸಲಿಲ್ಲ, ಅಗಲವಾದ ಕಡ್ಡಿಯ, ಬದಿಗೆ ಬಾಗಿದ ಫ್ರೇಮ್ ಕೊಟ್ಟೆ.

ಬದಿಯ ಬೆಳಕಿನದು ಬರೀ ಕಿರಿಕಿರಿಯಲ್ಲ. ಕಿವಿಯ ಕಡೆಯಿಂದ ಬಂದ ಕಿರಣ ಕರಿಗುಡ್ಡೆಯಲ್ಲಿ ಬಾಗಿ ಮೂಗಿನ ಕಡೆಯ ಅಂಚಿನಲ್ಲಿ ಒಟ್ಟುಗೂಡುತ್ತದೆ. ಕಡಲಿಗೆ ಹೋಗುವವರ ಕಣ್ಣಲ್ಲಿ ಮೂಗಿನ ಕಡೆಯಿಂದ ತೆವಳಿ ಬರುವ ಮಾಂಸದ ಪದರ, ಟೆರಿಜಿಯಂ, ಸಾಮಾನ್ಯವಾಗಿ ಆ ಬದಿಯಲ್ಲೇ ಬೆಳೆಯಲು ಇದೂ ಒಂದು ಕಾರಣ ಎನ್ನುತ್ತಾರೆ.

ಮೇಲಿನ ಬೆಳಕಿಗೆ ಟೊಪ್ಪಿಗಿಂತ ಒಳ್ಳೆಯ ಮದ್ದಿಲ್ಲ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ನಮ್ಮ ಊರುಗಳಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತದೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ, ಆದರೆ ಆಗ ಮೋಡ. ಆ ಬಿಸಿಲಿಗೆ ಮೂರು ಇಂಚು ಅಂಚಿನ ಟೊಪ್ಪಿ ಬೇಕು. ತೋಟದ ಕೆಲಸಕ್ಕೆ ಹಾಕುವ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ, ತಲೆಗೆ ತಂಪು, ನನಗೂ ಇಷ್ಟ, ಆದರೆ ಅದಕ್ಕೆ ಅಂಚಿಲ್ಲವಾದ್ದರಿಂದ ಕಣ್ಣಿಗೆ ನೆರಳು ಸಿಗುವುದಿಲ್ಲ. ಕೆಳಗಿನಿಂದ ಬರುವ ಬೆಳಕೂ ಇದೆ. ಒಣ ಮರಳು ಯುವಿಯ ಸುಮಾರು ಶೇ. 15ರಷ್ಟನ್ನು, ಕಡಲ ನೊರೆ ಸುಮಾರು ಶೇ. 25ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಪಣಂಬೂರಿನಲ್ಲೋ ತಣ್ಣೀರುಬಾವಿಯಲ್ಲೋ ಟೊಪ್ಪಿ ಹಾಕಿಯೂ ಕಣ್ಣು ಬಿಡಲಾಗದಿದ್ದರೆ ಕೆನ್ನೆಗೆ ಹತ್ತಿರ ಕೂರುವ ದೊಡ್ಡ ಲೆನ್ಸ್ ಬೇಕು. ಮೇಲೆ ಗಾಢ, ಕೆಳಗೆ ತಿಳಿ ಇರುವ ಗ್ರೇಡಿಯಂಟ್ ಲೆನ್ಸ್ ಕಾರಿಗೆ ಸರಿ, ಕಡಲತೀರಕ್ಕೆ ಅಲ್ಲ.

ಹಿಂದಿನಿಂದ ಬಂದ ಬೆಳಕು ಲೆನ್ಸ್‌ನ ಒಳಮೈಗೆ ಬಡಿದು ಕಣ್ಣಿಗೆ ಬರುತ್ತದೆ. ಒಳಮೈಗೆ ಆಂಟಿ-ರಿಫ್ಲೆಕ್ಷನ್ ಕೋಟಿಂಗ್ ಹಾಕಿಸಿದರೆ ಆಯಿತು.

ಪೋಲರೈಸ್ಡ್ ಎಂದರೆ ಏನು? ಬೇಕೇ ಬೇಕೇ?

ನೀರು, ಒದ್ದೆ ರಸ್ತೆ, ಕಾರಿನ ಬಾನೆಟ್‌ಗಳಿಂದ ಪುಟಿದು ಬರುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ. ಪೋಲರೈಸ್ಡ್ ಲೆನ್ಸ್ ಅದನ್ನು ಮಾತ್ರ ಸೋಸುತ್ತದೆ. ಆ ಬಿಳಿ ಪ್ರತಿಫಲನ ಮಾಯವಾಗಿ ನೀರಿನ ಒಳಗಿನದು ಕಾಣುತ್ತದೆ. ಕಡಲಿಗೆ ಹೋಗುವವರಿಗೆ, ನೇತ್ರಾವತಿ ಸೇತುವೆ ದಿನಾ ದಾಟುವವರಿಗೆ ಖಂಡಿತ ಒಳ್ಳೆಯದು. ಆದರೆ ಪೋಲರೈಸ್ಡ್ ಎಂದ ಮಾತ್ರಕ್ಕೆ ಯುವಿ ತಡೆಯುತ್ತದೆ ಎಂದಲ್ಲ, ಅದನ್ನು ಬೇರೆಯಾಗಿ ಕೇಳಬೇಕು.

ಪರೀಕ್ಷೆ ಸುಲಭ. ಕಂಪ್ಯೂಟರ್ ಪರದೆಯ ಎದುರು ಕನ್ನಡಕ ಹಿಡಿದು ಮೆಲ್ಲನೆ ತಿರುಗಿಸಿ, ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಇದೇ ಅದರ ತೊಂದರೆ ಕೂಡ. ಮೊಬೈಲ್ ಮ್ಯಾಪ್, ಬೋಟಿನ ಜಿಪಿಎಸ್, ಮೀನು ಹುಡುಕುವ ಯಂತ್ರದ ಪರದೆ ಕೆಲವು ಕೋನದಲ್ಲಿ ಕಾಣುವುದೇ ಇಲ್ಲ. ಬೋಟಿನವರು ಕೊಳ್ಳುವ ಮೊದಲು ತಮ್ಮ ಯಂತ್ರದ ಎದುರು ಹಾಕಿ ನೋಡುವುದು ಲೇಸು.

ಬಿಸಿಲಿಗೆ ತಾನಾಗಿ ಕಪ್ಪಾಗುವ ಲೆನ್ಸ್ ಒಂದೇ ಸಾಕಲ್ಲವೇ?

ಅರ್ಧ ಸಾಕು. ಫೋಟೊಕ್ರೊಮಿಕ್ ಲೆನ್ಸ್ ಕಪ್ಪಾಗುವುದು ಮುಖ್ಯವಾಗಿ ಯುವಿಯಿಂದ. ಕಾರಿನ ಮುಂದಿನ ಗಾಜು ಯುವಿಯ ಹೆಚ್ಚಿನ ಪಾಲನ್ನು ತಡೆಯುವುದರಿಂದ ಒಳಗೆ ಕೂತಾಗ ಅದು ಸರಿಯಾಗಿ ಕಪ್ಪಾಗುವುದಿಲ್ಲ. ಯಾವ ಹೊತ್ತಿಗೆ ಬೇಕೋ ಆ ಹೊತ್ತಿಗೇ ಕೈಕೊಡುತ್ತದೆ. ಇನ್ನೊಂದು, ಸೆಕೆ ಹೆಚ್ಚಿದಷ್ಟೂ ಇವು ಕಡಿಮೆ ಕಪ್ಪಾಗುತ್ತವೆ. ಮಂಗಳೂರಿನ ಮೇ ತಿಂಗಳಿನಲ್ಲಿ ಜಾಹೀರಾತಿನ ಚಿತ್ರದಷ್ಟು ಕಪ್ಪನ್ನು ನಿರೀಕ್ಷಿಸಬೇಡಿ. ಒಳಗೆ ಬಂದ ಮೇಲೆ ತಿಳಿಯಾಗಲು ಕೆಲವು ನಿಮಿಷ ಹಿಡಿಯುತ್ತದೆ, ಕಣ್ಣು ಮಂದವಿರುವವರಿಗೆ ಆ ನಿಮಿಷಗಳಲ್ಲೇ ಎಡವುವ ಭಯ. ಒಣಗಣ್ಣು, ಸಣ್ಣ ಮಟ್ಟದ ಮೈಗ್ರೇನ್ ಇರುವವರಿಗೆ ನಡೆಯುತ್ತದೆ. ಆಲ್ಬಿನಿಸಂ, ಕೋನ್ ತೊಂದರೆಯವರಿಗೆ ಇದೊಂದನ್ನೇ ಕೊಡುವುದಿಲ್ಲ.

ಮನೆಯೊಳಗೂ ಹಾಕಿಕೊಂಡೇ ಇರಬಹುದೇ?

ಬೇಡ. ಇಡೀ ದಿನ ಕತ್ತಲಲ್ಲಿದ್ದರೆ ಕಣ್ಣು ಕತ್ತಲಿಗೇ ಒಗ್ಗಿಕೊಳ್ಳುತ್ತದೆ. ನಿನ್ನೆ ತಡೆಯುತ್ತಿದ್ದ ಬೆಳಕನ್ನು ನಾಳೆ ತಡೆಯಲಾಗುವುದಿಲ್ಲ. ಮೈಗ್ರೇನ್‌ನವರು, ತಲೆಗೆ ಪೆಟ್ಟಾದವರು ಈ ಸುಳಿಗೆ ಬೇಗ ಸಿಲುಕುತ್ತಾರೆ. ಒಳಗೂ ಆಗುವುದೇ ಇಲ್ಲ ಎಂದಾದರೆ ಎಫ್‌ಎಲ್-41ನಂಥ ತಿಳಿ ಟಿಂಟ್ ಹಾಕಿ, ಕಪ್ಪು ಬೇಡ. ಹುಟ್ಟಿನಿಂದ ಕೋನ್ ತೊಂದರೆ, ಐರಿಸ್ ತೊಂದರೆ ಇರುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ, ಅವರಿಗೆ ಒಳಗೊಂದು, ಹೊರಗೊಂದು ಜೋಡಿ ಬೇಕು.

ಕನ್ನಡಕಕ್ಕಿಂತ ಮೊದಲು ಮನೆಯನ್ನು ನೋಡಿ. ಹೆಂಚಿನ ಹಳೆಯ ಮನೆಗಳಲ್ಲಿ ಕಾವಿ ನೆಲ, ಮರದ ಮುಚ್ಚಿಗೆ, ಇಳಿಜಾರಾಗಿ ಚಾಚಿದ ಮಾಡು ಇತ್ತು. ಬೆಳಕು ಜಗಲಿಯಲ್ಲೇ ಸೋಸಿ ಒಳಗೆ ಬರುತ್ತಿತ್ತು. ಈಗ ಬಿಳಿ ವಿಟ್ರಿಫೈಡ್ ಟೈಲ್ಸ್, ಬಿಳಿ ಗೋಡೆ, ಮೇಲೆ ಬಿಳಿ ಎಲ್‌ಇಡಿ. ಹೊಸ ಮನೆಗೆ ಒಕ್ಕಲಾದ ಮೇಲೆ ಕಣ್ಣುನೋವು ಶುರುವಾಯಿತು ಎಂದು ಎಷ್ಟು ಜನ ಹೇಳಿಲ್ಲ! ಹಳದಿ ಬೆಳಕಿನ ಬಲ್ಬ್, ನೆಲಕ್ಕೊಂದು ಚಾಪೆ, ಪಡುವಣ ಕಿಟಕಿಗೆ ಪರದೆ. ಕನ್ನಡಕಕ್ಕಿಂತ ಅಗ್ಗದ ಚಿಕಿತ್ಸೆ, ನನ್ನ ವ್ಯಾಪಾರಕ್ಕೆ ನಷ್ಟ.

ಪೊರೆ ಆಪರೇಷನ್ ಆದ ಮೇಲೆ ಕೊಟ್ಟ ಕಪ್ಪು ಕನ್ನಡಕವನ್ನು ಎಷ್ಟು ದಿನ ಹಾಕಬೇಕು?

ಡಾಕ್ಟರ್ ಹೇಳಿದಷ್ಟು ದಿನ. ಅದು ಬೆಳಕಿಗಿಂತ ಹೆಚ್ಚಾಗಿ ಧೂಳು, ನೀರು, ಮರೆತು ಉಜ್ಜುವ ಕೈ ಇವುಗಳಿಂದ ಕಾಪಾಡಲು. ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳ ಕಾಲದಿಂದಲೂ ಕರ್ನಾಟಕದವರಿಗೆ ಪೊರೆ ಆಪರೇಷನ್ ಎಂದರೆ ಕಪ್ಪು ಕನ್ನಡಕದ ಸಾಲು ಕಣ್ಣಿಗೆ ಕಟ್ಟುತ್ತದೆ. ಈಗ ಹಾಕುವ ಕೃತಕ ಲೆನ್ಸ್‌ಗಳಲ್ಲಿ ಹೆಚ್ಚಿನವು ಯುವಿ ತಡೆಯುತ್ತವೆ. ಆದರೂ ಹಳದಿಗಟ್ಟಿದ ಹಳೆಯ ಲೆನ್ಸ್ ಹೋಗಿ ತಿಳಿ ಲೆನ್ಸ್ ಬಂದಾಗ ಲೋಕ ಒಮ್ಮೆಲೇ ಬೆಳ್ಳಗೆ, ಸ್ವಲ್ಪ ನೀಲಿಯಾಗಿ ಕಾಣುತ್ತದೆ. ಕೆಲವು ವಾರಗಳಲ್ಲಿ ಮನಸ್ಸು ಒಗ್ಗಿಕೊಳ್ಳುತ್ತದೆ. ಆಸ್ಪತ್ರೆಯ ಆ ಪ್ಲಾಸ್ಟಿಕ್ ಕನ್ನಡಕವನ್ನೇ ವರ್ಷಗಟ್ಟಲೆ ಹಾಕಬೇಡಿ, ಅದರ ಲೆನ್ಸ್ ದಿನಬಳಕೆಯ ಮಟ್ಟದ್ದಲ್ಲ. ಆಪರೇಷನ್ ಆದ ಕೆಲವೇ ದಿನಗಳಲ್ಲಿ ಬೆಳಕು ಮೊದಲಿಗಿಂತ ಹೆಚ್ಚು ಚುಚ್ಚಿ, ನೋವು, ಕೆಂಪು ಕಾಣಿಸಿದರೆ ತಕ್ಷಣ ಡಾಕ್ಟರಿಗೆ ಹೇಳಿ.

ಪಾಪೆ ಹಿಗ್ಗಿಸುವ ಹನಿ ಬಿಟ್ಟ ದಿನ ಏನು ಮಾಡಲಿ?

ಸಾಮಾನ್ಯ ಪರೀಕ್ಷೆಯ ಹನಿಯ ಪರಿಣಾಮ ನಾಲ್ಕಾರು ಗಂಟೆ, ಕೆಲವರಿಗೆ ಮರುದಿನದವರೆಗೂ ಇರುತ್ತದೆ. ಯುವಿಐಟಿಸ್‌ಗೆ ಕೊಡುವ ಹೋಮಾಟ್ರೋಪಿನ್ ಒಂದೆರಡು ದಿನ, ಅಟ್ರೋಪಿನ್ ವಾರಕ್ಕೂ ಮೀರಿ. ಆಸ್ಪತ್ರೆಗೆ ಹೋಗುವಾಗಲೇ ಟೊಪ್ಪಿ, ಕೂಲಿಂಗ್ ಗ್ಲಾಸ್ ಚೀಲದಲ್ಲಿರಲಿ, ಗಾಡಿ ಓಡಿಸಲು ಇನ್ನೊಬ್ಬರಿರಲಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಿಂದ ಹೊರಬಂದು ಹಂಪನಕಟ್ಟೆಯ ಬಿಸಿಲಿನಲ್ಲಿ ಅಂಗೈಯಿಂದ ಕಣ್ಣು ಮುಚ್ಚಿಕೊಂಡು ರಸ್ತೆ ದಾಟಲು ತಡಕಾಡುವವರನ್ನು ನಾನು ಎಷ್ಟೋ ಸಲ ಕೈಹಿಡಿದು ದಾಟಿಸಿದ್ದೇನೆ.

ನನಗೆ ಪವರ್ ಇದೆ. ಎರಡೆರಡು ಕನ್ನಡಕ ಮಾಡಿಸಬೇಕೇ?

ಮಾಡಿಸಿದರೆ ಉತ್ತಮ. ಆಗದಿದ್ದರೆ ಇರುವ ಕನ್ನಡಕದ ಮೇಲೆಯೇ ಹಾಕುವ ದೊಡ್ಡ ಫಿಟ್-ಓವರ್ ಸಿಗುತ್ತದೆ. ನೋಡಲು ವೆಲ್ಡಿಂಗ್‌ನವರ ಹಾಗೆ, ಆದರೆ ಮೇಲೆ, ಬದಿಯಲ್ಲಿ ಪೂರ್ತಿ ಮುಚ್ಚುತ್ತದೆ. ಬೆಳಕಿನ ತೊಂದರೆ ತೀವ್ರವಿರುವವರಿಗೆ ನನ್ನ ಮೊದಲ ಸಲಹೆ ಅದೇ. ಕ್ಲಿಪ್-ಆನ್ ಅಗ್ಗ, ಬದಿ ಮಾತ್ರ ತೆರೆದೇ ಇರುತ್ತದೆ. ಹೆಚ್ಚು ಪವರ್ ಇರುವವರು ಬಾಗಿದ ಸ್ಪೋರ್ಟ್ಸ್ ಫ್ರೇಮಿಗೆ ಪವರ್ ಹಾಕಿಸಿದರೆ ಅಂಚಿನಲ್ಲಿ ಎಲ್ಲ ಸೊಟ್ಟಗೆ ಕಾಣುತ್ತದೆ.

ಮಗುವಿಗೆ ಆಲ್ಬಿನಿಸಂ ಇದೆ. ಶಾಲೆಯಲ್ಲಿ ಕೂಲಿಂಗ್ ಗ್ಲಾಸ್ ಬಿಡುವುದಿಲ್ಲ ಎನ್ನುತ್ತಾರೆ.

ಡಾಕ್ಟರರಿಂದ ಒಂದು ಪತ್ರ ಬರೆಸಿಕೊಳ್ಳಿ: ತಿಳಿ ಟಿಂಟ್ ತರಗತಿಯೊಳಗೆ, ಗಾಢ ಟಿಂಟ್ ಮತ್ತು ಟೊಪ್ಪಿ ಆಟದ ಬಯಲಿಗೆ, ಮುಂದಿನ ಬೆಂಚು, ಕಿಟಕಿಗೆ ಬೆನ್ನು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿಯೂ ಸೇರಿದೆ, ಆ ಪತ್ರಕ್ಕೆ ಬೆನ್ನೆಲುಬಿದೆ ಎಂದು ತಿಳಿದಿರಿ. ಶಾಲೆಯವರೊಡನೆ ಜಗಳಕ್ಕಿಂತ ಒಂದು ಕೆಲಸ ಹೆಚ್ಚು ಫಲ ಕೊಟ್ಟಿದೆ. ಟೀಚರನ್ನು ಮಧ್ಯಾಹ್ನದ ಬಯಲಿನಲ್ಲಿ ಮಗುವಿನ ಪಕ್ಕ ಐದು ನಿಮಿಷ ನಿಲ್ಲಿಸಿ, ಕನ್ನಡಕ ಇದ್ದಾಗ, ಇಲ್ಲದಾಗ ಅದು ಹೇಗೆ ನಡೆಯುತ್ತದೆ ನೋಡಲು ಹೇಳಿ. ಮಗುವಿನ ಲೆನ್ಸ್ ಪಾಲಿಕಾರ್ಬೊನೇಟ್ ಆಗಿರಲಿ, ಚೆಂಡು ಬಡಿದರೂ ಸುಲಭಕ್ಕೆ ಚೂರಾಗುವುದಿಲ್ಲ. ಫ್ರೇಮಿನ ಬಣ್ಣ ಮಗುವೇ ಆರಿಸಲಿ, ಇಲ್ಲದಿದ್ದರೆ ಅದು ಬ್ಯಾಗಿನಲ್ಲೇ ಉಳಿಯುತ್ತದೆ.

ರಾತ್ರಿ ಎದುರಿನ ಗಾಡಿಯ ಲೈಟ್ ಕುಕ್ಕುತ್ತದೆ. ಹಳದಿ ಗಾಜು ಹಾಕಬಹುದೇ?

ಬೇಡ. ಹಳದಿಯೂ ಒಂದು ಟಿಂಟ್, ಇರುವ ಬೆಳಕನ್ನೂ ಕಡಿಮೆ ಮಾಡುತ್ತದೆ. ಎದುರಿನ ಲೈಟ್ ಚೂರು ತಗ್ಗಿದಂತೆ ಅನ್ನಿಸಬಹುದು, ರಸ್ತೆ ಬದಿಯಲ್ಲಿ ಕಪ್ಪು ಬಟ್ಟೆ ಹಾಕಿ ನಡೆಯುವವರು ಅದಕ್ಕಿಂತ ಹೆಚ್ಚು ಮರೆಯಾಗುತ್ತಾರೆ. ರಾತ್ರಿಯ ಕುಕ್ಕುವಿಕೆ ಹೊಸದಾಗಿ ಬಂದಿದ್ದರೆ ಪೊರೆ, ಒಣಗಣ್ಣು, ಪವರ್ ವ್ಯತ್ಯಾಸ ಇದೆಯೇ ಎಂದು ಪರೀಕ್ಷಿಸಿಕೊಳ್ಳಿ. ಕೆಂಪು ಫಿಲ್ಟರ್ ಹಾಕಿ ಹಗಲೂ ಗಾಡಿ ಓಡಿಸಬಾರದು, ಸಿಗ್ನಲ್‌ನ ಬಣ್ಣ ಗುರುತಿಸಲು ಕಷ್ಟ.

ಮಳೆಗಾಲದಲ್ಲಿ ತೆಗೆದಿಡಬಹುದೇ?

ಜೂನ್ ಬಂದರೆ ಎಲ್ಲರೂ ತೆಗೆದಿಡುತ್ತಾರೆ. ಆದರೆ ತೆಳು ಮೋಡದ ದಿನ ಇಡೀ ಆಕಾಶವೇ ಒಂದು ಬಿಳಿ ದೀಪವಾಗುತ್ತದೆ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಯುವಿಯ ಗಣನೀಯ ಪಾಲು ಮೋಡವನ್ನೂ ದಾಟುತ್ತದೆ. ಬೇಸಿಗೆಯ ಕನ್ನಡಕ ಆಗ ಕತ್ತಲೆನಿಸುತ್ತದೆ. 1 ಅಥವಾ 2ನೇ ವರ್ಗದ ತಿಳಿ ಕಂದು ಒಂದು ಇರಲಿ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾಗುವುದು ನಮ್ಮ ಊರಿನ ಖಾಯಂ ಗೋಳು. ಇಳಿಯುವ ಎರಡು ನಿಮಿಷ ಮೊದಲು ಎಸಿ ಆರಿಸಿ ಕಿಟಕಿ ಇಳಿಸಿ.

ಮದ್ರಾಸ್ ಐ ಬಂದಾಗ ಕಪ್ಪು ಕನ್ನಡಕ ಹಾಕಿದರೆ ಬೇರೆಯವರಿಗೆ ಹರಡುವುದಿಲ್ಲವಂತೆ, ಹೌದೇ?

ಇಲ್ಲ. ನೋಟದಿಂದ ಹರಡುವುದಿಲ್ಲ, ಕೈ, ಟವೆಲ್, ದಿಂಬಿನಿಂದ ಹರಡುತ್ತದೆ. ಕನ್ನಡಕದಿಂದ ನಿಮಗೆ ಬೆಳಕಿನ ಕಿರಿಕಿರಿ ಕಡಿಮೆಯಾದೀತು, ಅಷ್ಟೆ. ಅದನ್ನು ಮನೆಯವರಿಗೆ ಎರವಲು ಕೊಡಬೇಡಿ.

ಎಷ್ಟು ವರ್ಷಕ್ಕೆ ಬದಲಿಸಬೇಕು?

ಗೀರು ಬಿದ್ದಾಗ. ಗೀರು ಬಿದ್ದ ಲೆನ್ಸ್ ಬೆಳಕನ್ನು ಚದುರಿಸುತ್ತದೆ, ಬೆಳಕಿನ ತೊಂದರೆ ಇರುವವರಿಗೆ ಅದೇ ಇನ್ನೊಂದು ತೊಂದರೆ. ನಮ್ಮಲ್ಲಿ ಉಪ್ಪು ಗಾಳಿ, ಬೆವರು ಸೇರಿ ಕೋಟಿಂಗ್ ಬೇಗ ಏಳುತ್ತದೆ, ಲೋಹದ ಕೀಲು ಹಸಿರುಗಟ್ಟುತ್ತದೆ. ಬೀಚಿನಿಂದ ಬಂದವರು ಲುಂಗಿಯ ತುದಿಯಿಂದ, ಸೀರೆಯ ಸೆರಗಿನಿಂದ ನೀರು ತಾಗಿಸದೆ ಒರೆಸುತ್ತಾರೆ, ಲೆನ್ಸ್ ಮೇಲೆ ಕೂತ ಮರಳಿನ ಕಣ ಸ್ಯಾಂಡ್‌ಪೇಪರ್ ಆಗುತ್ತದೆ. ಮೊದಲು ನಲ್ಲಿಯ ಕೆಳಗೆ ಹಿಡಿಯಿರಿ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರಳ ತುದಿಯಿಂದ ಸವರಿ, ತೊಳೆದು, ಆಮೇಲೆ ಹತ್ತಿ ಬಟ್ಟೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟುಹೋಗಬೇಡಿ. ಮೇ ತಿಂಗಳಲ್ಲಿ ಅಲ್ಲಿಟ್ಟ ಕನ್ನಡಕವೊಂದು ಸಂಜೆಯ ಹೊತ್ತಿಗೆ ಕೋಟಿಂಗ್ ಒಡೆದು ಜೇಡರ ಬಲೆ ಕಟ್ಟಿದಂತಾಗಿ ನನ್ನ ಕೌಂಟರಿಗೆ ಬಂದಿತ್ತು. ಕೊಂಡು ಬರೀ ಒಂಬತ್ತು ದಿನ ಆಗಿತ್ತು.